ವಿಜ್ಞಾನ ಕಥನ ಮತ್ತು ದೇಶೀ ತಿಳಿವಳಿಕೆ: ತೇಜಸ್ವಿಯವರ ‘ಕರ್ವಾಲೋ’

ಕನ್ನಡದಲ್ಲಿ ವೈಜ್ಞಾನಿಕ ಕಥಾಸಾಹಿತ್ಯವೆಂದೊಡನೆ ಬಾಹ್ಯಾಕಾಶ ನೌಕೆ, ಅನ್ಯಗ್ರಹ ಜೀವಿ, ಯಂತ್ರಮಾನವ ಮುಂತಾದವುಗಳ ಸುತ್ತ ಹೆಣೆದ ಕಥೆಗಳು ನೆನಪಿಗೆ ಬರುವುದು ಸಹಜ. ರಾಜಶೇಖರ ಭೂಸನೂರಮಠ ಅವರಂತಹ ಲೇಖಕರು ಈ ಪ್ರಕಾರದಲ್ಲಿ ನಿಷ್ಠೆಯಿಂದ ದುಡಿದಿದ್ದಾರೆ. ನೆರೆಯ ಮರಾಠಿಯಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರರು ಇದನ್ನು ವಿಜ್ಞಾನದ ಪ್ರಸಾರಕ್ಕೂ ಬಳಸಿಕೊಂಡರು. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ (1938-2007) ‘ಕರ್ವಾಲೋ’ (1980) ಈ ಸಾಲಿನಲ್ಲಿ ನೇರವಾಗಿ ಕೂರುವ ಕೃತಿಯಲ್ಲ. ಅದರಲ್ಲಿ ನೌಕೆಯಿಲ್ಲ, ಭವಿಷ್ಯತ್ಕಾಲವೂ ಇಲ್ಲ. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಟ ಕೆಲವರಿದ್ದಾರೆ. ಆದರೂ ವಿಜ್ಞಾನ ಕಥನವೆಂದರೇನು ಎಂಬ ಪ್ರಶ್ನೆಗೆ ಕನ್ನಡ ನೀಡಿದ ಅತ್ಯಂತ ಸ್ವತಂತ್ರವಾದ ಉತ್ತರಗಳಲ್ಲಿ ಇದೂ ಒಂದು. ಈ ಉತ್ತರವು ಜಾನಪದ ಅಧ್ಯಯನಕ್ಕೂ ಸಂಬಂಧಿಸಿದ್ದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ತೇಜಸ್ವಿಯವರ ನಿಲುವಿಗೆ ಹಿನ್ನೆಲೆಯಾಗಿ ಪುತ್ತೂರನ್ನು ನೆನೆಯಬೇಕು. ಶಿವರಾಮ ಕಾರಂತರು ದಶಕಗಳ ಕಾಲ ನೆಲೆಸಿದ್ದ ಊರು ಅದು. ‘ಬಾಲಪ್ರಪಂಚ’ (1936) ಮತ್ತು ‘ವಿಜ್ಞಾನ ಪ್ರಪಂಚ’ ಸಂಪುಟಗಳ ಮೂಲಕ ವಿಜ್ಞಾನವನ್ನು ಕನ್ನಡಕ್ಕೆ ತಂದ ಕಾರಂತರು, ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯಲ್ಲಿ ಹಳ್ಳಿಯ ಅಜ್ಜಿಯೊಬ್ಬಳ ಕಾಣ್ಕೆಯ ಮುಖಾಂತರ ಮಾನವಕುಲದ ಪ್ರಾಚೀನತೆಯನ್ನು ಚರ್ಚಿಸಿದರು. ತೇಜಸ್ವಿಯವರು ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಮುನ್ನುಡಿಯಲ್ಲಿ ನವ್ಯದಿಂದ ದೂರ ಸರಿದು ತಮ್ಮ ಹೊಸ ದಾರಿಯ ಪ್ರೇರಣೆಗಳನ್ನು ಹೇಳುವಾಗ ಲೋಹಿಯಾ ಮತ್ತು ಕುವೆಂಪು ಅವರೊಂದಿಗೆ ಕಾರಂತರ ಪ್ರಯೋಗಶೀಲತೆಯನ್ನೂ ಸ್ಮರಿಸಿದ್ದಾರೆ. ಓದಿಲ್ಲದ ವ್ಯಕ್ತಿಯೊಬ್ಬರು ಅಪಾರ ಕಾಲವನ್ನು ಕಣ್ಣೆದುರು ತರಬಲ್ಲರೆಂಬ ಮೂಕಜ್ಜಿಯ ನೆಲೆಯು ಮಂದಣ್ಣನ ಪಾತ್ರದಲ್ಲಿ ಬೇರೊಂದು ರೂಪ ತಳೆದಂತೆ ಕಾಣುತ್ತದೆ.

ಕಾದಂಬರಿಯ ಹೊರಮೈ ಪಾಶ್ಚಾತ್ಯ ಮಾದರಿಯೊಂದನ್ನು ನೆನಪಿಸುವಂಥದು. ಆರ್ಥರ್ ಕಾನನ್ ಡಾಯ್ಲ್ ಅವರ ‘ದಿ ಲಾಸ್ಟ್ ವರ್ಲ್ಡ್’ (1912) ಕೃತಿಯಲ್ಲಿಯೂ ಒಬ್ಬ ಪ್ರೊಫೆಸರರ ಮುಂದಾಳತ್ವದಲ್ಲಿ ತಂಡವೊಂದು ಗತಯುಗದ ಪ್ರಾಣಿಗಳನ್ನರಸಿ ದುರ್ಗಮ ಪ್ರದೇಶಕ್ಕೆ ಹೋಗುತ್ತದೆ. ಅಲ್ಲಿ ಸ್ಥಳೀಯರು ಹೊರೆ ಹೊರುವವರು, ದಾರಿ ತೋರುವವರು, ಅರಿವು ಪ್ರೊಫೆಸರರದು. ‘ಕರ್ವಾಲೋ’ ಈ ಕ್ರಮವನ್ನು ಬುಡಮೇಲು ಮಾಡುತ್ತದೆ. ಓತಿಯನ್ನು ಮೊದಲು ಕಂಡವನು ಜೇನಿನ ಮರ್ಮ ಬಲ್ಲ ಮಂದಣ್ಣ. ಊರಿನವರ ಕಣ್ಣಿಗೆ ಅವನೊಬ್ಬ ಉಂಡಾಡಿ. ಕರ್ವಾಲೋ ಅವರ ಕಣ್ಣಿಗೆ ಹುಟ್ಟು ಜೀವವಿಜ್ಞಾನಿ. ನಿರೂಪಕನಿಗೂ ಆರಂಭದಲ್ಲಿ ಈ ಮಾತು ಉತ್ಪ್ರೇಕ್ಷೆಯೆನಿಸುತ್ತದೆ. ಯಂಗ್ಟ, ಬಿರಿಯಾನಿ ಕರಿಯಪ್ಪ, ಛಾಯಾಗ್ರಾಹಕ ಪ್ರಭಾಕರ ಇವರೆಲ್ಲರ ಕೌಶಲಗಳು ಸೇರಿಯೇ ಅನ್ವೇಷಣೆ ಮುಂದುವರಿಯುತ್ತದೆ.

ಇಲ್ಲಿನ ಓತಿ ಕೇವಲ ಕಲ್ಪನೆಯ ಸೃಷ್ಟಿಯಲ್ಲ. ಡ್ರಾಕೊ ಡುಸ್ಸುಮಿಯರಿ ಎಂದು ಪ್ರಾಣಿಶಾಸ್ತ್ರ ಗುರುತಿಸುವ ಹಾರುವ ಓತಿ ಪಶ್ಚಿಮಘಟ್ಟದ ನಿವಾಸಿ. ಹೊರಚಾಚುವ ಪಕ್ಕೆಲುಬುಗಳ ಮೇಲೆ ಬಿಗಿದ ಚರ್ಮದ ಪೊರೆಯನ್ನು ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ. ಇರುವೆಗಳು ಅದರ ಮುಖ್ಯ ಆಹಾರ. ಮೊಟ್ಟೆಯಿಡಲು ಹೆಣ್ಣು ನೆಲಕ್ಕಿಳಿಯುತ್ತದೆ. ಘಟ್ಟದ ತಪ್ಪಲಿನ ಸುಬ್ರಹ್ಮಣ್ಯ, ಸುಳ್ಯ, ಪುತ್ತೂರು ಪರಿಸರದ ಅಡಿಕೆ ತೋಟಗಳಿಗೆ ಅದು ಅಪರಿಚಿತವಲ್ಲ. ತೇಜಸ್ವಿಯವರು ಈ ಜೀವಿಯನ್ನು ಕೋಟ್ಯಂತರ ವರ್ಷಗಳ ಆಚೆಯಿಂದ ಉಳಿದು ಬಂದ ವಿಸ್ಮಯವಾಗಿ ಕಥನದಲ್ಲಿ ಮಾರ್ಪಡಿಸಿದರು. ದೂರದ ಲೋಕವನ್ನು ಹತ್ತಿರ ತರುವುದು ಪ್ರಚಲಿತ ವಿಜ್ಞಾನ ಕಥೆಯ ವಿಧಾನ. ಹಿತ್ತಲಿನ ಜೀವಿಯಲ್ಲಿ ಕಾಲದ ಅಗಾಧ ದೂರವನ್ನು ಕಾಣಿಸುವುದು ತೇಜಸ್ವಿಯವರ ವಿಧಾನ. ಈ ಪ್ರಕಾರವನ್ನು ಕುರಿತ ಅವರ ನಿಲುವನ್ನು ಈ ವ್ಯತ್ಯಾಸದಲ್ಲಿಯೇ ಗುರುತಿಸಬೇಕು.

ಜಾನಪದ ಅಧ್ಯಯನಕ್ಕೆ ಈ ನಿಲುವು ಒಂದು ಎಚ್ಚರಿಕೆಯೂ ಹೌದು. ಹಿಂದೆ ಸುಳ್ಯ ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಚಂಪಾಷಷ್ಠಿಯ ರಥವನ್ನು ಬಿದಿರು, ಬೆತ್ತಗಳಿಂದ ಕಟ್ಟುವ ಹೊಣೆ ಪರಂಪರೆಯಿಂದ ಮಲೆಕುಡಿಯರದು. ಕಾಡಿನ ಬೆತ್ತವನ್ನು ಆರಿಸುವ, ಬಾಗಿಸುವ, ಬಿಗಿಯುವ ಈ ಕಾಯಕವನ್ನು ಸಂಗ್ರಾಹಕರು ‘ಆಚರಣೆ’ ಎಂಬ ಶೀರ್ಷಿಕೆಯಡಿ ದಾಖಲಿಸುವುದು ರೂಢಿ. ಸಸ್ಯದ ಗುಣವನ್ನು ಕುರಿತ ಖಚಿತ ಪರಿಜ್ಞಾನ ಅದರೊಳಗಿದೆ ಎಂಬ ಅಂಶ ಹಿಂದೆ ಸರಿಯುತ್ತದೆ. ನಾಗಬನಗಳ ವಿಷಯವೂ ಹೀಗೆಯೇ: ನಂಬಿಕೆಯ ವಿವರ ಹೇರಳವಾಗಿ ದೊರೆಯುತ್ತದೆ; ಆ ನಂಬಿಕೆ ಕಾಪಾಡಿದ ಗಿಡಮರಗಳನ್ನು ಹೆಸರಿಟ್ಟು ಗುರುತಿಸಬಲ್ಲ ಹಿರಿಯರ ತಿಳಿವಳಿಕೆ ಅವರೊಂದಿಗೇ ಮರೆಯಾಗುತ್ತದೆ.

ಹಾಗೆಂದು ತೇಜಸ್ವಿಯವರು ಜನಪದರ ಮಾತೆಲ್ಲವನ್ನೂ ವಿಜ್ಞಾನವೆಂದು ಒಪ್ಪಿದವರಲ್ಲ. ಮಂದಣ್ಣನದು ಕಂಡದ್ದನ್ನು ಕಂಡಂತೆ ಹೇಳುವ ಕಣ್ಣು. ಅದನ್ನು ಪರೀಕ್ಷೆಗೊಡ್ಡಿ ಜೀವವಿಕಾಸದ ಚೌಕಟ್ಟಿನಲ್ಲಿಡುವ ಶಿಸ್ತು ಕರ್ವಾಲೋ ಅವರದು. ಮಂದಣ್ಣನ ಪ್ರತಿಭೆಗೆ ಮನ್ನಣೆ ದೊರೆಯಲು ಪ್ರೊಫೆಸರರ ಮಾತೇ ಬೇಕಾಯಿತೆಂಬ ಅಸಮಾನತೆಯೂ ಕಾದಂಬರಿಯಲ್ಲಿ ಉಳಿದೇ ಇದೆ.

ಡಾಯ್ಲ್ ಅವರ ಕೃತಿಯಲ್ಲಿ ಲಂಡನ್ನಿಗೆ ತಂದ ಪ್ರಾಚೀನ ಹಾರುಜೀವಿ ಸಭಾಂಗಣದಿಂದ ತಪ್ಪಿಸಿಕೊಂಡು ಹೋಗುತ್ತದೆ. ಅಷ್ಟರಲ್ಲಿ ಪ್ರೊಫೆಸರರ ವಾದ ರುಜುವಾತಾಗಿರುತ್ತದೆ. ‘ಕರ್ವಾಲೋ’ದ ಓತಿ ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಸೆರೆಹಿಡಿದು ಪ್ರದರ್ಶಿಸುವುದಕ್ಕಿಂತ ಅರಸುವುದನ್ನೇ ಈ ಕಾದಂಬರಿ ಮುಖ್ಯವಾಗಿಸಿತು. ಮಂದಣ್ಣನಂಥವರನ್ನು ಕೇವಲ ಮಾಹಿತಿದಾರರೆಂದು ಕಾಣದೆ ಅರಿವಿನ ಸಹಭಾಗಿಗಳೆಂದು ಕಾಣುವ ಕ್ಷೇತ್ರಕಾರ್ಯಕ್ಕೆ ಈ ಕೃತಿ ಇಂದಿಗೂ ಉಪಯುಕ್ತ ಪಾಠವಾಗಿದೆ.