ದವಾಖಾನಿ ಊರಿನ ಭಾನುವಾರ

ನಮ್ಮ ಕಡೆಯವರು ಮಿರಜಿಗೆ ಹೋಗುವುದು ಎರಡೇ ಕಾರಣಕ್ಕೆ. ಗಾಡಿ ಬದಲಿಸಲು, ಇಲ್ಲವೇ ಜೀವ ಉಳಿಸಿಕೊಳ್ಳಲು. ಅಥಣಿ, ರಾಯಬಾಗ, ಚಿಕ್ಕೋಡಿಯ ಹಳ್ಳಿಗಳಲ್ಲಿ ಊರ ಡಾಕ್ಟರು ಕೈಚೆಲ್ಲಿದರೆಂದರೆ ಮುಂದಿನ ಮಾತು 'ಮಿರ್ಜಿಗೆ ಒಯ್ರಿ' ಎಂಬುದೇ. ನನ್ನ ಅಜ್ಜ ಕಣ್ಣಿನ ಪೊರೆ ತೆಗೆಸಿಕೊಂಡು ಬಂದದ್ದು ಅಲ್ಲಿಂದಲೇ. ನಾನು ಮಾತ್ರ ಆ ಊರಿಗೆ ಅಳಿಯನಾಗಿ ಹೋದೆ.

ಕುಡಚಿಯಲ್ಲಿ ರೈಲು ಹತ್ತಿದರೆ ಕೃಷ್ಣೆ ದಾಟಿ ಉಗಾರ, ಶೇಡಬಾಳ, ವಿಜಯನಗರ, ಆಮೇಲೆ ಮಿರಜ್. ಡಬ್ಬಿಯೊಳಗಿನ ಮಾತು ಎಲ್ಲಿ ಕನ್ನಡದಿಂದ ಮರಾಠಿಗೆ ಹೊರಳಿತು ಎಂದು ಹೇಳಲಾಗದು. ಪತ್ರಿಕೆಗಳಲ್ಲಿ ಓದುವ ಗಡಿ ಈ ಹಳಿಯ ಮೇಲೆ ಕಾಣುವುದಿಲ್ಲ. ಒಂದು ಕಾಲದಲ್ಲಿ ಬ್ರಾಡ್‌ಗೇಜು, ಮೀಟರ್‌ಗೇಜು, ನ್ಯಾರೋಗೇಜು ಮೂರೂ ಬಂದು ಸೇರುತ್ತಿದ್ದ ಜಂಕ್ಷನ್ ಇದು. ಹೊರಗೆ ಬಂದರೆ ಒಂದು ದಿಕ್ಕಿಗೆ ಮೀರಾಸಾಹೇಬ ದರ್ಗಾ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರನ್ನು 1937ರಲ್ಲಿ ಅಲ್ಲಿಯೇ ಮಣ್ಣು ಮಾಡಿದರು. ಅದಕ್ಕೆ ಹತ್ತಿರದಲ್ಲೇ ಸಿತಾರ್, ತಂಬೂರಿ ಮಾಡುವವರ ಗಲ್ಲಿ. ಇವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹೋಗಬೇಕಾಗಿದ್ದದ್ದು ಇನ್ನೊಂದು ದಿಕ್ಕಿಗೆ, ಸಾಂಗಲಿಯ ರಸ್ತೆಯಲ್ಲಿರುವ ವಾನ್ಲೆಸವಾಡಿಗೆ.

ಊರಿಗೆ ಆ ಹೆಸರು ಬಂದದ್ದು ವಿಲಿಯಂ ವಾನ್ಲೆಸ್ ಎಂಬ ಡಾಕ್ಟರರಿಂದ. 1865ರಲ್ಲಿ ಕೆನಡಾದಲ್ಲಿ ಹುಟ್ಟಿದವರು, ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ ಇಲ್ಲಿಗೆ ಬಂದರು. ಮೊದಲು ಸಾಂಗಲಿಯಲ್ಲಿ ಒಂದು ಸಣ್ಣ ಔಷಧಾಲಯ. ಆಮೇಲೆ ಮಿರಜಿಗೆ ಬಂದು ಪಟವರ್ಧನ ಸಂಸ್ಥಾನಿಕರ ಒತ್ತಾಸೆಯಿಂದ 1894ರಲ್ಲಿ ಆಸ್ಪತ್ರೆ ತೆರೆದರು. ಧಾರವಾಡ, ಮಂಗಳೂರುಗಳಲ್ಲಿ ದುಡಿದ ಕಿಟೆಲ್ಲರ ಕನ್ನಡ ನಿಘಂಟು ಅಚ್ಚಾದದ್ದೂ ಅದೇ ವರ್ಷ. ಬಾಸೆಲ್ ಮಿಷನ್ನಿನವರು ನಮ್ಮ ನುಡಿ ಹಿಡಿದು ಕೂತಾಗ ಇತ್ತ ಈ ಮನುಷ್ಯ ನಮ್ಮವರ ಹೊಟ್ಟೆ, ಕಣ್ಣು ನೋಡುತ್ತಿದ್ದ. ಕ್ಷಯದವರಿಗೆ ಊರ ಹೊರಗೆ ಆರೋಗ್ಯಧಾಮ ಎದ್ದಿತು. ವಾನ್ಲೆಸವಾಡಿ ಬೆಳೆದದ್ದು ಅದರ ಸುತ್ತ. 1928ರಲ್ಲಿ ಅವರಿಗೆ ಸರ್ ಪದವಿ ಬಂತು. 1933ರಲ್ಲಿ ತೀರಿಕೊಂಡರು.

ನನ್ನ ಅತ್ತೆ ಮರಾಠಿಯವರು. ಈ ಊರಿನ ವಾರ್ಡುಗಳಲ್ಲಿ ನರ್ಸಾಗಿ ವಯಸ್ಸು ಕಳೆದವರು. ಅವರಿಗೆ ಕನ್ನಡ ಬರುತ್ತದೆ, ಆದರೆ ಅದು ವಾರ್ಡಿನ ಕನ್ನಡ. ಮದುವೆಯ ಮಾತುಕತೆಗೆ ಹೋದ ದಿನ ನನ್ನನ್ನು ಕೂರಿಸಿ ಅವರು ಕೇಳಿದ ಮೊದಲ ಮಾತು: "ಎಲ್ಲಿ ನೋವೈತ್ರಿ?" ಎರಡನೆಯದು: "ಊಟ ಸೇರತೈತೇನು?" ಹೆಂಡತಿಯಾಗಲಿದ್ದವಳು ಒಳಗೆ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದಳು. ಪ್ರೀತಿಗೂ ಅವರ ಹತ್ತಿರ ಬೇರೆ ಕನ್ನಡವಿಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಅತ್ತೆಯ ಮನೆಯವರು ಕ್ರೈಸ್ತರು. ಒಂದು ಭಾನುವಾರ ನಾನೂ ಅವರ ಜೊತೆ ಚರ್ಚಿಗೆ ಹೋದೆ. ಚರ್ಚು ಸಣ್ಣದು. ಒಂದು ಶಾಲೆಯ ಕೋಣೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೊಕ್ಕರೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. "ಯಾ ಜಾವಯಿಬಾಪು, ಜಯ್ ಖ್ರಿಸ್ತ್" ಎಂದು ಒಬ್ಬ ಹಿರಿಯರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾನು ಲಿಂಗವಂತರ ಮನೆಯವನು, ಅಂಗಿಯೊಳಗೆ ಕರಡಿಗೆ ಇತ್ತು. ಯಾರೂ ಅದನ್ನು ಕೇಳಲಿಲ್ಲ, ನಾನೂ ಮುಚ್ಚಿಡಲಿಲ್ಲ.

ಪಿಯಾನೋ, ಗಿಟಾರು ಇರಬಹುದೆಂದುಕೊಂಡಿದ್ದವನಿಗೆ ಪೇಟಿ, ತಬಲಾ, ತಾಳ ಕಂಡವು. 'ಉಪಾಸನಾ ಸಂಗೀತ' ಎಂಬ ಹಾಡಿನ ಪುಸ್ತಕ ತೆರೆದು ಹಾಡತೊಡಗಿದರೆ ಕಣ್ಣು ಮುಚ್ಚಿದವನಿಗೆ ಪಂಢರಪುರದ ದಿಂಡಿಯೇ ನೆನಪಾಗಬೇಕು. ಕಾರಣವಿದೆ. ಆ ಪುಸ್ತಕದ ಬಹಳಷ್ಟು ಹಾಡು ನಾರಾಯಣ ವಾಮನ ಟಿಳಕರವು. ಬ್ರಾಹ್ಮಣರಾಗಿ ಹುಟ್ಟಿ 1895ರಲ್ಲಿ ದೀಕ್ಷಾಸ್ನಾನ ಪಡೆದ ಈ ಕವಿ, ತಾನು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮನ ಸೇತುವೆಯ ಮೇಲೆ ಎನ್ನುತ್ತಿದ್ದರು. ಅಭಂಗದ ಧಾಟಿಯನ್ನು ಅವರು ಚರ್ಚಿನೊಳಕ್ಕೆ ತಂದರು. ಗಂಡನ ಮತಾಂತರದಿಂದ ವರ್ಷಗಟ್ಟಲೆ ಅಗಲಿದ್ದು, ಕೊನೆಗೆ ತಾನೂ ಅದೇ ದಾರಿ ಹಿಡಿದ ಹೆಂಡತಿ ಲಕ್ಷ್ಮೀಬಾಯಿ 'ಸ್ಮೃತಿಚಿತ್ರೆ' ಬರೆದರು. ಎರಡು ಧರ್ಮಗಳ ಸಂಸಾರ ಮಾಡುವವರೆಲ್ಲ ಓದಬೇಕಾದ ಪುಸ್ತಕ ಅದು. ಬರೀ ಕಣ್ಣೀರಿಲ್ಲ, ನಗು ಬೇಕಾದಷ್ಟಿದೆ.

ಸಭಾಪಾಲಕರ ಬೋಧನೆ ಸ್ವಲ್ಪ ಉದ್ದವಾಯಿತು. ನನ್ನ ಮರಾಠಿ ಅರ್ಧದಾರಿಯಲ್ಲೇ ಸುಸ್ತಾಗಿ ಕೂತಿತು.

ಹೊರಗೆ ಬಂದು ಚಹಾ ಕುಡಿಯುವಾಗ ನಾದಿನಿಯ ಮಗಳು, ದಿನವಿಡೀ ಕೊರಿಯಾದ ಧಾರಾವಾಹಿ ನೋಡುವ ಹುಡುಗಿ, ಕೇಳಿದಳು: "ಕಾಕಾ, ಕೊರಿಯಾದಾಗೂ ನಮ್ಮಂಥಾ ಚರ್ಚ್ ಅದಾವಂತ, ಖರೇನ?" ನಮ್ಮಂಥವು ಏನು, ಒಂದೇ ಬಳ್ಳಿಯವು. ನ್ಯೂಯಾರ್ಕಿನ ಯಾವ ಮಿಷನ್ ಬೋರ್ಡು ವಾನ್ಲೆಸರನ್ನು ಇಲ್ಲಿಗೆ ಕಳಿಸಿತೋ, ಅದೇ ಬೋರ್ಡು ನಾಲ್ಕು ವರ್ಷ ಮೊದಲು, 1885ರಲ್ಲಿ, ಅಂಡರ್‌ವುಡ್ ಎಂಬ ಮಿಷನರಿಯನ್ನು ಕೊರಿಯಾದ ಸಿಯೋಲಿಗೆ ಕಳಿಸಿತ್ತು. ಅಲ್ಲಿಯೂ ಆಸ್ಪತ್ರೆಯೇ ಮುಂದಾಳು. ಕೆನಡಾದಲ್ಲಿ ಬೆಳೆದ ಏವಿಸನ್ ಎಂಬ ಡಾಕ್ಟರು 1904ರಲ್ಲಿ ಸಿಯೋಲಿನಲ್ಲಿ ಸೆವೆರೆನ್ಸ್ ಆಸ್ಪತ್ರೆ ತೆರೆದರು. ಅದು ಇಂದು ಯೊನ್ಸೆ ವಿಶ್ವವಿದ್ಯಾಲಯದ ಭಾಗ. ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚುಗಳಲ್ಲಿ ಕೆಲವು ಸಾವಿರಾರು ಜನ ಒಟ್ಟಿಗೆ ಕೂರುವಷ್ಟು ದೊಡ್ಡವು. ಇಲ್ಲಿನದು ಒಂದು ದೊಡ್ಡ ಪಾತ್ರೆ ಚಹಾ ಎಲ್ಲರಿಗೂ ಸಾಲುವಷ್ಟು.

ಇನ್ನೊಂದು ಎಳೆಯನ್ನೂ ಅವಳಿಗೆ ಹೇಳಿದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ, ಕಾರ್ಕಳದ ಬಳಿಯ ಮಾಳದ ಮೂಲದವರಾದ ಪಂಡಿತಾ ರಮಾಬಾಯಿ ಪುಣೆ ಸೀಮೆಯ ಕೇಡಗಾವಿಯಲ್ಲಿ ಮುಕ್ತಿ ಮಿಷನ್ ನಡೆಸುತ್ತಿದ್ದರು. 1905ರಲ್ಲಿ ಅಲ್ಲಿ ಹೆಣ್ಣುಮಕ್ಕಳೆಲ್ಲ ಒಮ್ಮೆಗೇ ದನಿಯೆತ್ತಿ ಪ್ರಾರ್ಥಿಸಿದ ಜಾಗೃತಿ ಎದ್ದಿತು. ವೇಲ್ಸ್ ಮತ್ತು ಭಾರತದ ಇಂಥ ಸುದ್ದಿಗಳು ಮಿಷನರಿಗಳ ಬಾಯಲ್ಲಿ ಕೊರಿಯಾ ಮುಟ್ಟಿದವು. 1907ರಲ್ಲಿ ಪ್ಯೊಂಗ್ಯಾಂಗಿನಲ್ಲಿ ಅಂಥದೇ ಆಯಿತು. ಎಲ್ಲರೂ ಕೂಡಿ ಗಟ್ಟಿಯಾಗಿ ಪ್ರಾರ್ಥಿಸುವ ರೂಢಿ ಕೊರಿಯಾದ ಚರ್ಚುಗಳಲ್ಲಿ ಇಂದಿಗೂ ಇದೆ. ಹುಡುಗಿಗೆ ಇದು ಅಷ್ಟೇನೂ ರುಚಿಸಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನಾಯಕ ನಟನ ಸುದ್ದಿ.

ಮಧ್ಯಾಹ್ನ ಅತ್ತೆ ಮಟನ್ನಿನ ಪಾತ್ರೆ ಒಂದು ಒಲೆಗಿಟ್ಟು, ಇನ್ನೊಂದು ಒಲೆಯಲ್ಲಿ ನನಗೆಂದೇ ಎಣ್ಣೆಗಾಯಿ ಮಾಡಿದ್ದರು. ಸೌಟು ಬೇರೆ, ತಾಟು ಬೇರೆ. ಹೇಳಿದವರು ಯಾರೂ ಇಲ್ಲ. ನಾಲ್ಕು ದಶಕ ಪಥ್ಯದ ತಾಟು ಹಂಚಿದ ಕೈ ಅದು, ಯಾರಿಗೆ ಏನು ಸಲ್ಲದು ಎಂಬುದು ಅದಕ್ಕೆ ಗೊತ್ತು.

ಮಿರಜು ಈಗ ವಾನ್ಲೆಸರೊಬ್ಬರ ದವಾಖಾನೆಯ ಊರಲ್ಲ. 1962ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಬೀದಿಗೊಂದು ಖಾಸಗಿ ಆಸ್ಪತ್ರೆಯಿದೆ. ನಮ್ಮ ಜನ ಇನ್ನೂ ಬುತ್ತಿ ಕಟ್ಟಿಕೊಂಡು ಹೋಗುತ್ತಲೇ ಇದ್ದಾರೆ. ನೀವೂ ಹಾಗೆ ರೋಗಿಯ ಜೊತೆ ಹೋಗಿ, ಭಾನುವಾರ ಬೆಳಿಗ್ಗೆ ವಾರ್ಡಿನಿಂದ ಒಂದು ತಾಸು ಬಿಡುವು ಸಿಕ್ಕರೆ, ಪೇಟಿಯ ದನಿ ಕೇಳಿದ ಕಡೆ ಚಪ್ಪಲಿ ಬಿಟ್ಟು ಹಿಂದೆ ಕೂತುಕೊಳ್ಳಿ. ಹೊರಗೆ ಚಹಾ ಕೊಡುತ್ತಾರೆ. ಕನ್ನಡ ಬಲ್ಲ ಮುದುಕಿಯೊಬ್ಬರು ಹತ್ತಿರ ಬಂದು ಎಲ್ಲಿ ನೋವೈತೆಂದು ಕೇಳಿದರೆ ಗಾಬರಿಯಾಗಬೇಡಿ, ಆರಾಮ ಅದೀನ್ರಿ ಅನ್ನಿ.