ಪಕ್ಕದ ಖಾಲಿ ಸೈಟಲ್ಲಿ ಸೊಂಟದೆತ್ತರ ಗಿಡ: ತೆಗೆಸೋದು ಯಾರ ಜವಾಬ್ದಾರಿ, ದಂಡ ಎಷ್ಟು?

ಮಳೆ ಬಿದ್ದು ಹದಿನೈದು ದಿನ ಆದ್ರೆ ಸಾಕು, ಯಾವ ಬಡಾವಣೆಗೆ ಹೋದ್ರೂ ಇದೇ ನೋಟ. ಎರಡು ಮನೆ ನಡುವೆ ಒಂದು ಖಾಲಿ ಸೈಟು. ಅದರ ತುಂಬ ಸೊಂಟದೆತ್ತರ ಕಾಂಗ್ರೆಸ್ ಗಿಡ. ಒಳಗೆ ಯಾರೋ ಸುರಿದು ಹೋದ ಹಳೇ ಗೋಡೆ ಮಣ್ಣು, ಒಡೆದ ಬಕೆಟ್, ಎಳನೀರು ಬುರುಡೆ. ಸೈಟಿನ ಮಾಲೀಕರು ಇರೋದು ಬೆಂಗಳೂರಲ್ಲಿ. ಪಕ್ಕದ ಮನೆಯವರನ್ನು ಕೇಳಿದ್ರೆ, "ಜಾಗ ಅವರದ್ದು, ನಾವೇನು ಮಾಡೋಕಾಗುತ್ತೆ?" ಅಂತಾರೆ.

ಮಾಡೋಕಾಗುತ್ತೆ. ಜಾಗ ಖಾಲಿ ಇದೆ ಅಂದ ಮಾತ್ರಕ್ಕೆ ಮಾಲೀಕರ ಹೊಣೆ ಖಾಲಿ ಆಗೋದಿಲ್ಲ. ಕಾನೂನು ಏನು ಹೇಳುತ್ತೆ, ಯಾರಿಗೆ ದೂರು ಕೊಡಬೇಕು ಅನ್ನೋದನ್ನು ಇಲ್ಲಿ ನೋಡೋಣ.

ಮನೆಗಿಂತ ಖಾಲಿ ಸೈಟಿಗೇ ಹೆಚ್ಚು ದಂಡ

2024ರಲ್ಲಿ ರಾಜ್ಯದಲ್ಲಿ ಡೆಂಗಿ ಜೋರಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ನಿಯಮ ತಂದಿತು. ತಮ್ಮ ಜಾಗದಲ್ಲಿ ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳೋದು ಮಾಲೀಕರ ಅಥವಾ ಅಲ್ಲಿ ಇರುವವರ ಕೆಲಸ. ತಪ್ಪಿದರೆ ನಿಗದಿಯಾದ ದಂಡ ಹೀಗಿದೆ:

ಮನೆಗಳಿಗೆ: ನಗರ ಪ್ರದೇಶದಲ್ಲಿ 400 ರೂ., ಗ್ರಾಮೀಣ ಪ್ರದೇಶದಲ್ಲಿ 200 ರೂ.
ಅಂಗಡಿ, ಹೋಟೆಲ್ ಮುಂತಾದ ವಾಣಿಜ್ಯ ಜಾಗಗಳಿಗೆ: ನಗರದಲ್ಲಿ 1,000 ರೂ., ಗ್ರಾಮೀಣದಲ್ಲಿ 500 ರೂ.
ಖಾಲಿ ನಿವೇಶನ, ಕಟ್ಟಡ ಕಾಮಗಾರಿ ನಡೆಯುವ ಜಾಗಗಳಿಗೆ: ನಗರದಲ್ಲಿ 2,000 ರೂ., ಗ್ರಾಮೀಣದಲ್ಲಿ 1,000 ರೂ.

ಅಂದ್ರೆ ಖಾಲಿ ಸೈಟಿನ ದಂಡ ಮನೆಯ ದಂಡದ ಐದು ಪಟ್ಟು. ಮನೆಯಲ್ಲಾದ್ರೆ ದಿನಾ ನೋಡೋರು ಇರ್ತಾರೆ, ಸೈಟಿನಲ್ಲಿ ಯಾರೂ ಇರಲ್ಲ.

ಗಿಡ ಅಲ್ಲ, ಗಿಡದ ಅಡಿಯ ನೀರು

ಇಲ್ಲೊಂದು ವಿಷಯ ಗೊತ್ತಿರಬೇಕು. ಈ ದಂಡ ಗಿಡ ಬೆಳೆದಿದ್ದಕ್ಕಲ್ಲ, ಸೊಳ್ಳೆ ಹುಟ್ಟೋಕೆ ಬಿಟ್ಟಿದ್ದಕ್ಕೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ನಿಂತ ನೀರಿನಲ್ಲಿ, ಅದೂ ಹೆಚ್ಚಾಗಿ ಡಬ್ಬಿ, ಟೈರು, ಚಿಪ್ಪಿನಂಥ ವಸ್ತುಗಳಲ್ಲಿ ನಿಂತ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗೋಕೆ ವಾರದಿಂದ ಹತ್ತು ದಿನ ಸಾಕು. ಇದು ಕಚ್ಚೋದು ಹೆಚ್ಚಾಗಿ ಹಗಲಲ್ಲಿ. ಹಾಗಾಗಿ ಸಂಜೆ ಕಿಟಕಿ ಮುಚ್ಚಿ ಕೂತರೆ ಮಾತ್ರ ಸಾಲದು. ಗಿಡ ಮಾಡೋ ಅನಾಹುತ ಅಂದ್ರೆ, ಈ ಡಬ್ಬಿ ಚಿಪ್ಪುಗಳು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡೋದು.

ಆದ್ದರಿಂದ ದೂರಿನಲ್ಲಿ ಬರೀ "ಗಿಡ ಬೆಳೆದಿದೆ" ಅಂತ ಬರೆಯಬೇಡಿ. ನೀರು ಎಲ್ಲಿ ನಿಂತಿದೆ, ಹುಳ ಕಾಣ್ತಿದೆಯಾ ಅನ್ನೋದನ್ನು ಬರೆದು ಫೋಟೊ ಇಡಿ.

ಹಾಗಂತ ಗಿಡಕ್ಕೆ ಕಾನೂನೇ ಇಲ್ಲ ಅಂತಲ್ಲ. ಕಾಂಗ್ರೆಸ್ ಗಿಡ ಅಂದ್ರೆ ಪಾರ್ಥೇನಿಯಂ ಅನ್ನು 1968ರ ಕೃಷಿ ಕೀಟ ಮತ್ತು ರೋಗ ಕಾಯ್ದೆಯಡಿ 1975ರಲ್ಲೇ ಹಾನಿಕರ ಕಳೆ ಎಂದು ರಾಜ್ಯ ಘೋಷಿಸಿದೆ. ಇದರಿಂದ ಚರ್ಮದ ತುರಿಕೆ, ಉಬ್ಬಸ ಬರುತ್ತೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ. ಹೂ ಬಿಡೋ ಮೊದಲೇ, ಕೈಗೆ ಗವಸು ಹಾಕಿ ಬುಡಸಮೇತ ಕೀಳಬೇಕು. ಕಿತ್ತ ಮೇಲೆ ಬೆಂಕಿ ಹಚ್ಚಬೇಡಿ.

ಯಾರಿಗೆ ದೂರು?

ಪುರಸಭೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಹಳ್ಳಿಯಾದರೆ ಪಿಡಿಒಗೆ ಲಿಖಿತ ಅರ್ಜಿ ಕೊಡಿ. ಮಾಲೀಕರ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಬಡಾವಣೆ, ರಸ್ತೆ, ಅಕ್ಕಪಕ್ಕದ ಮನೆ ನಂಬರ್ ಬರೆಯಿರಿ. ಖಾತೆ ಯಾರ ಹೆಸರಲ್ಲಿದೆ ಅನ್ನೋದು ಕಚೇರಿಯ ದಾಖಲೆಯಲ್ಲೇ ಸಿಗುತ್ತೆ. ನಾಲ್ಕೈದು ಮನೆಯವರು ಸಹಿ ಹಾಕಿದರೆ ಅರ್ಜಿಗೆ ತೂಕ. ಸ್ವೀಕೃತಿ ಪಡೆಯೋದು ಮರೆಯಬೇಡಿ.

ಕ್ರಮ ಆಗದಿದ್ದರೆ "ನನ್ನ ಅರ್ಜಿಯ ಮೇಲೆ ಏನು ಕ್ರಮ ಕೈಗೊಂಡಿರಿ?" ಅಂತ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು.

ಬೀಳೋ ಹಂತದ ಹಳೇ ಗೋಡೆ, ವಾಲಿದ ಮರ, ದಾರಿ ಪಕ್ಕ ಬೇಲಿ ಇಲ್ಲದ ಬಾವಿ ಇದ್ದರೆ ಅದು ಇನ್ನೂ ಗಂಭೀರ. ಅಂಥದ್ದನ್ನು ತೆಗೆಸಲು, ಬೇಲಿ ಹಾಕಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಆದೇಶ ಹೊರಡಿಸಬಹುದು. ಆಕ್ಷೇಪ ಇದ್ದರೆ ಹೇಳಿಕೊಳ್ಳಲು ಮಾಲೀಕರಿಗೂ ಅವಕಾಶ ಇರುತ್ತೆ.

ಅಂಗಡಿಯವರು ಗಮನಿಸಿ

ಪಂಕ್ಚರ್ ಅಂಗಡಿಯ ಹಳೇ ಟೈರು, ಗುಜರಿ ಅಂಗಡಿಯ ಡಬ್ಬ, ಎಳನೀರು ಬುರುಡೆ ರಾಶಿ, ಫ್ರಿಜ್ ಹಿಂದಿನ ತಟ್ಟೆ, ಚಾವಣಿ ಮೇಲಿನ ಟಾರ್ಪಾಲಿನ ಗುಂಡಿ, ಇವೆಲ್ಲ ನೀರು ನಿಲ್ಲೋ ಜಾಗ. ವಾರಕ್ಕೊಮ್ಮೆ ಎಲ್ಲ ಖಾಲಿ ಮಾಡಿ. ಸೊಳ್ಳೆ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತೆ, ನೀರು ಚೆಲ್ಲಿದ ಮೇಲೆ ಉಜ್ಜಿ ತೊಳೆಯಿರಿ. ಅಂಗಡಿ ಕಸವನ್ನು ಎದುರಿನ ಬಯಲಿಗೆ, ಚರಂಡಿಗೆ ಎಸೆಯೋದು, ಸುಡೋದು ಎರಡಕ್ಕೂ ಘನತ್ಯಾಜ್ಯ ನಿಯಮಗಳೇ ತಡೆ ಹಾಕಿವೆ.

ಕೊನೆಗೊಂದು ಮಾತು. ಅರ್ಜಿ ಬರೆಯೋ ಮೊದಲು ಸೈಟಿನವರ ನಂಬರ್ ಸಿಕ್ಕರೆ ಒಂದು ಫೋನ್ ಮಾಡಿ, ಫೋಟೊ ಕಳಿಸಿ. ದೂರದಲ್ಲಿರೋರಿಗೆ ಜಾಗ ಹೇಗಾಗಿದೆ ಅಂತ ಗೊತ್ತೇ ಇರೋದಿಲ್ಲ. ಇನ್ನು ನೀವೇ ಬೇರೆ ಊರಲ್ಲಿ ಸೈಟು ಮಾಡಿಟ್ಟವರಾಗಿದ್ದರೆ, ಈ ವಾರ ಅಲ್ಲಿ ಯಾರಿಗಾದ್ರೂ ಕೂಲಿ ಕೊಟ್ಟು ಸ್ವಚ್ಛ ಮಾಡಿಸಿ. ಸೈಟು ನಿಮ್ಮದು ನಿಜ. ಆದರೆ ಅದರ ಪಕ್ಕದ ಮನೆಯಲ್ಲಿ ಜ್ವರ ಬಂದು ಮಲಗೋದು ಬೇರೆಯವರ ಮಗು.