ಪಾವ್ಲೋವನ ನಾಯಿ, ನಮ್ಮೂರ ಆಕಳು

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವವರು ಬಸವಕಲ್ಯಾಣದ ಓಣಿ ಓಣಿಯಲ್ಲೂ ಇದ್ದಾರೆ, ಹುಮನಾಬಾದಿನಲ್ಲೂ ಇದ್ದಾರೆ. ಪಾವ್ಲೋವ್ ಎಂದರೆ ನಾಯಿ, ಥಾರ್ನಡೈಕ್ ಎಂದರೆ ಬೆಕ್ಕು, ಸ್ಕಿನ್ನರ್ ಎಂದರೆ ಇಲಿ ಮತ್ತು ಪಾರಿವಾಳ ಎಂದು ಗೈಡ್ ನೋಡಿ ಉರು ಹೊಡೆಯುತ್ತಾರೆ. ಅದು ತಪ್ಪಲ್ಲ, ಅಂಕ ಬೇಕು, ನೌಕರಿ ಬೇಕು. ಬಿ.ಎಡ್. ತರಗತಿಯಲ್ಲಿ ಇದೇ ಪಾಠವನ್ನು ವರ್ಷಗಟ್ಟಲೆ ಹೇಳಿದವನು ನಾನು. ನನ್ನ ಸಂಕಟ ಬೇರೆ.

ಅದೇ ವಿದ್ಯಾರ್ಥಿ ಮಾಸ್ತರನಾಗಿ ಒಂದು ವರ್ಷ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾನೆ. ನಮಸ್ಕಾರ ಮಾಡಿ, ಚಹಾ ಕುಡಿಸಿ, ಕಡೆಗೆ ಹೇಳುತ್ತಾನೆ: “ಸರ್, ಪುಸ್ತಕದಾಗಿಂದು ಪುಸ್ತಕದಾಗೇ ಉಳೀತದ ನೋಡ್ರಿ. ನಾಕ್ ಏಟು ಬೀಳಲಾರ್ದೆ ನಮ್ಮ ಹುಡುಗರಿಗಿ ಬುದ್ಧಿ ಬರಲ್ರಿ.” ಈ ಮಾತನ್ನು ಹಲವರ ಬಾಯಲ್ಲಿ ಕೇಳಿದ್ದೇನೆ. ತಪ್ಪು ಅವರೊಬ್ಬರದೇ ಅಲ್ಲ. ಪಾಠ ಹೇಳಿದ ನಾವೂ ನಾಯಿ, ಗಂಟೆಯ ಚಿತ್ರ ಬಿಡಿಸಿ ಮುಂದಕ್ಕೆ ಹೋದೆವು.

ವಿಷಯ ಇಷ್ಟು. ಒಂದರ ಹಿಂದೆ ಇನ್ನೊಂದು ಬರುತ್ತದೆ ಎಂದು ಜೀವ ಕಲಿತು, ಮೊದಲನೆಯದು ಕಂಡಾಗಲೇ ಎರಡನೆಯದಕ್ಕೆ ಮೈ ಸಿದ್ಧವಾಗುವುದು ಶಾಸ್ತ್ರೀಯ ಅನುಬಂಧನ. ಮಾಡಿದ ಕೆಲಸಕ್ಕೆ ಏನು ಫಲ ಸಿಕ್ಕಿತೋ ಅದರ ಮೇಲೆ ಆ ಕೆಲಸವನ್ನು ಮತ್ತೆ ಮಾಡುವುದೋ ಬಿಡುವುದೋ ನಿರ್ಧಾರವಾಗುವುದು ಕ್ರಿಯಾಜನ್ಯ ಅನುಬಂಧನ. ಎರಡೂ ನಮ್ಮ ಮನೆಯಲ್ಲಿ, ಗದ್ದೆಯಲ್ಲಿ, ಶಾಲೆಯಲ್ಲಿ ದಿನವೂ ನಡೆಯುತ್ತವೆ, ನಾವು ಬಯಸಿದರೂ ಬಯಸದಿದ್ದರೂ.

ತಪ್ಪು ಕಲ್ಪನೆ: ಪಾವ್ಲೋವ್ ಗಂಟೆ ಬಾರಿಸಿದ, ನಾಯಿ ಜೊಲ್ಲು ಸುರಿಸಿತು, ಎರಡನ್ನು ಜೊತೆಗೆ ತಂದರೆ ಸಾಕು, ಕಲಿಕೆ ಆಗುತ್ತದೆ.

ಇವಾನ್ ಪಾವ್ಲೋವ್ ಮೂಲತಃ ಜೀರ್ಣಕ್ರಿಯೆಯ ಸಂಶೋಧಕ. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ಅದಕ್ಕೇ, ಅನುಬಂಧನಕ್ಕಲ್ಲ. ಆಹಾರ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುವುದು ಅವರ ಗಮನ ಸೆಳೆಯಿತು. ಆಮೇಲಿನ ಪ್ರಯೋಗಗಳಲ್ಲಿ ಅವರು ಹೆಚ್ಚಾಗಿ ಬಳಸಿದ್ದು ಟಕ್ ಟಕ್ ಎನ್ನುವ ಮೆಟ್ರೊನೋಮ್, ಬಜರ್, ಬೆಳಕು, ಚರ್ಮದ ಮೇಲಿನ ಸ್ಪರ್ಶ. ಪಠ್ಯಪುಸ್ತಕದ ಗಂಟೆಗೆ ಅಲ್ಲಿ ಅಂಥ ದೊಡ್ಡ ಪಾತ್ರವಿಲ್ಲ.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 1968ರಲ್ಲಿ ಅಮೆರಿಕದ ರಾಬರ್ಟ್ ರೆಸ್ಕೋರ್ಲಾ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಸದ್ದಿನ ಜೊತೆ ಶಾಕ್ ಎಲ್ಲ ಗುಂಪುಗಳಿಗೂ ಬರುತ್ತಿತ್ತು. ಆದರೆ ಒಂದು ಗುಂಪಿಗೆ ಸದ್ದಿಲ್ಲದಾಗಲೂ ಅಷ್ಟೇ ಪ್ರಮಾಣದಲ್ಲಿ ಶಾಕ್ ಬಿತ್ತು. ಆ ಗುಂಪಿನ ಇಲಿಗಳು ಸದ್ದಿಗೆ ಹೆದರುವುದನ್ನು ಕಲಿಯಲಿಲ್ಲ. ಎರಡು ಜೊತೆಗೆ ಬರುವುದಷ್ಟೇ ಸಾಲದು. ಒಂದು ಇನ್ನೊಂದರ ಸುದ್ದಿ ತರಬೇಕು.

ನಮ್ಮ ಕಡೆ ದೇವಣಿ ಆಕಳು ಕಟ್ಟಿದವರಿಗೆ ಇದು ಅನುಭವದ ಮಾತು. ಹೊತ್ತು ಮೂಡುವ ಮೊದಲು ಚರಗಿಯ ಸದ್ದು, ಗೋದಲಿಗೆ ಹಿಂಡಿ ಹಾಕಿದ ವಾಸನೆ, ಕರು ಬಿಚ್ಚುವ ಕೈ. ಮೊಲೆ ಮುಟ್ಟುವ ಮೊದಲೇ ಆಕಳು ತೊರೆ ಬಿಡುತ್ತದೆ. ಒಳಗೆ ಆಗುವುದೇನು? ಮೆದುಳಿನಿಂದ ಆಕ್ಸಿಟೋಸಿನ್ ರಕ್ತಕ್ಕೆ ಸೇರಿ ಕೆಚ್ಚಲಿಗೆ ಬರುತ್ತದೆ, ಹಾಲು ಇಳಿಯುತ್ತದೆ. ಚರಗಿಯ ಸದ್ದು ಹಾಲಲ್ಲ, ಕರುವಲ್ಲ; ಆದರೂ ಅದು ಬರಲಿರುವ ಕರುವಿನ ಸುದ್ದಿ. ಮನೆಯ ಹುಡುಗರು ದಿನವೆಲ್ಲ ಚರಗಿ ಬಡಿಯುತ್ತಿದ್ದರೆ ಆ ಸದ್ದಿಗೆ ಬೆಲೆಯೇ ಇರುವುದಿಲ್ಲ. ಪಾವ್ಲೋವನ ನಾಯಿಯನ್ನು ಕಾಣಲು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಬೇಕಿಲ್ಲ, ಹಿತ್ತಲಿಗೆ ಹೋದರೆ ಸಾಕು.

ತಪ್ಪು ಕಲ್ಪನೆ: ಏಟು ಬಿದ್ದರೆ ಪಾಠ ತಲೆಗೆ ಹತ್ತುತ್ತದೆ.

ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಓದಿದೆ. ಗಣಿತದ ಮಾಸ್ತರು ಸೈಕಲ್ ಮೇಲೆ ಬರುತ್ತಿದ್ದರು. ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಖಟ್ ಎನ್ನುವ ಸದ್ದು ಕೇಳಿದರೆ ಸಾಕು, ನನ್ನ ಹೊಟ್ಟೆ ತಿರುಚುತ್ತಿತ್ತು, ಅಂಗೈ ಬೆವರುತ್ತಿತ್ತು. ಅವರು ಇನ್ನೂ ಒಳಗೆ ಬಂದಿಲ್ಲ, ಬೆತ್ತ ಎತ್ತಿಲ್ಲ. ಆಮೇಲೆ ಆ ಹೆದರಿಕೆ ಸೈಕಲ್ಲಿನಿಂದ ಬೋರ್ಡಿಗೆ, ಬೋರ್ಡಿನಿಂದ ಲೆಕ್ಕದ ಪುಸ್ತಕಕ್ಕೆ ಹಬ್ಬಿತು. ಲೆಕ್ಕ ಬರುತ್ತಿತ್ತು ನನಗೆ. ಪುಸ್ತಕ ತೆಗೆಯಲು ಮಾತ್ರ ಆಗುತ್ತಿರಲಿಲ್ಲ.

ಹೆದರಿಕೆ ಹೀಗೆ ಹಬ್ಬುತ್ತದೆ ಎಂಬುದನ್ನು 1920ರಲ್ಲಿ ಜಾನ್ ವಾಟ್ಸನ್, ರೊಸಾಲಿ ರೇನರ್ ತೋರಿಸಿದರು. ಸುಮಾರು ಹನ್ನೊಂದು ತಿಂಗಳ ಮಗುವಿನ ಮುಂದೆ ಬಿಳಿ ಇಲಿ ಬಿಟ್ಟು, ಹಿಂದಿನಿಂದ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದರು. ಮೊದಲು ಇಲಿಯೊಡನೆ ಆಡುತ್ತಿದ್ದ ಮಗು ಇಲಿಗೂ ಹೆದರಿತು, ಮೊಲಕ್ಕೂ ಹೆದರಿತು, ತುಪ್ಪಳದ ಕೋಟಿಗೂ ಹೆದರಿತು. ಕ್ರೂರ ಪ್ರಯೋಗ ಅದು, ಇಂದು ಯಾರೂ ಒಪ್ಪಲಾರರು. ಆದರೆ ಬೆತ್ತ ಹಿಡಿದ ತರಗತಿಯಲ್ಲಿ ಅದೇ ಪ್ರಯೋಗ ನಲವತ್ತು ಮಕ್ಕಳ ಮೇಲೆ ಒಂದೇ ಸಲ ನಡೆಯುತ್ತದೆ. ಅದನ್ನು ಯಾರೂ ಪ್ರಯೋಗ ಎನ್ನುವುದಿಲ್ಲ, ಶಿಸ್ತು ಎನ್ನುತ್ತಾರೆ.

ಶಿಕ್ಷೆಯಿಂದ ಏನೂ ಆಗುವುದಿಲ್ಲ ಎನ್ನುವುದೂ ಸರಿಯಲ್ಲ. ಏಟು ಬಿದ್ದ ಕ್ಷಣ ಗದ್ದಲ ನಿಲ್ಲುತ್ತದೆ. ಸ್ಕಿನ್ನರ್ 1938ರ ಪುಸ್ತಕದಲ್ಲಿ ಇದನ್ನೇ ದಾಖಲಿಸಿದರು: ಪಂಜಕ್ಕೆ ಏಟು ತಿಂದ ಇಲಿಗಳು ಸನ್ನೆಕೋಲು ಒತ್ತುವುದನ್ನು ಸ್ವಲ್ಪ ಹೊತ್ತು ಬಿಟ್ಟವು, ಆಮೇಲೆ ಮತ್ತೆ ಒತ್ತತೊಡಗಿದವು, ಕೊನೆಗೆ ಏಟು ತಿನ್ನದ ಇಲಿಗಳಿಗೂ ಇವಕ್ಕೂ ಲೆಕ್ಕ ಹೆಚ್ಚುಕಡಿಮೆ ಒಂದೇ ಆಯಿತು. ಶಿಕ್ಷೆ ತಪ್ಪನ್ನು ಅದುಮಿಡುತ್ತದೆ. ಸರಿ ಯಾವುದು ಎಂದು ಹೇಳಿಕೊಡುವುದಿಲ್ಲ. ಏಟು ತಪ್ಪಿಸಿಕೊಳ್ಳುವ ದಾರಿಗಳನ್ನಂತೂ ಚೆನ್ನಾಗಿ ಕಲಿಸುತ್ತದೆ: ಸುಳ್ಳು, ಹೊಟ್ಟೆನೋವಿನ ನೆಪ, ಪಕ್ಕದವನ ವಹಿ ನೋಡಿ ಬರೆಯುವುದು, ಕಡೆಗೆ ಶಾಲೆ ಬಿಟ್ಟು ಕಬ್ಬಿನ ಗದ್ದೆಯ ಹಾದಿ.

ಹಾಲು ಹಿಂಡುವ ಮೊದಲು ಆಕಳನ್ನು ಹೊಡೆಯುವ ರೈತ ನಮ್ಮಲ್ಲಿ ಇದ್ದಾನೆಯೇ? ಇಲ್ಲ. ಹೆದರಿದ ಆಕಳು ಹಾಲು ಏರಿಸಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತು. ಹೆದರಿಕೆಯಲ್ಲಿ ಹೊಮ್ಮುವ ಅಡ್ರಿನಲಿನ್ ಹಾಲಿಳಿಯುವುದನ್ನು ತಡೆಯುತ್ತದೆ ಎಂಬುದು ಪಶುವೈದ್ಯರ ವಿವರಣೆ. ಆಕಳ ವಿಷಯದಲ್ಲಿ ಇಷ್ಟು ತಿಳಿದವರು ಮಕ್ಕಳ ವಿಷಯ ಬಂದಾಗ ‘ದಂಡಂ ದಶಗುಣಂ’ ಎನ್ನುತ್ತೇವೆ. ಇದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ. ಕಾನೂನು ಅಂತೂ ಸ್ಪಷ್ಟವಾಗಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ತಪ್ಪು ಕಲ್ಪನೆ: ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ.

ಪರೀಕ್ಷೆಯಲ್ಲಿ ಅತಿ ಹೆಚ್ಚು ಮಂದಿ ಎಡವುವ ಜಾಗ ಇದು. ಪುನರ್ಬಲನ ಯಾವಾಗಲೂ ವರ್ತನೆಯನ್ನು ಬಲಪಡಿಸುತ್ತದೆ. ಏನೋ ಸಿಕ್ಕಿ ಬಲಗೊಂಡರೆ ಧನಾತ್ಮಕ, ಕಾಟವೊಂದು ತಪ್ಪಿ ಬಲಗೊಂಡರೆ ಋಣಾತ್ಮಕ. ಶಿಕ್ಷೆ ವರ್ತನೆಯನ್ನು ಕುಗ್ಗಿಸುತ್ತದೆ. ಎರಡೂ ಬೇರೆ.

ಊಟಕ್ಕೆ ಕೂತ ಮಗು ಅಳುತ್ತದೆ. ಅವ್ವ ಮೊಬೈಲ್ ಕೊಡುತ್ತಾಳೆ. ಅತ್ತರೆ ಮೊಬೈಲ್ ಸಿಗುತ್ತದೆ ಎಂದು ಮಗು ಕಲಿಯಿತು, ಇದು ಧನಾತ್ಮಕ. ಕೊಟ್ಟರೆ ಅಳು ನಿಲ್ಲುತ್ತದೆ ಎಂದು ಅವ್ವ ಕಲಿತಳು, ಇದು ಋಣಾತ್ಮಕ. ಯಾರು ಯಾರನ್ನು ಪಳಗಿಸಿದರು? ಒಂದು ದಿನ ಮನಸ್ಸು ಗಟ್ಟಿ ಮಾಡಿ ಕೊಡದೆ ಕೂತಳು ಅನ್ನಿ. ಅಳು ಮೊದಲು ಏರುವುದುಂಟು. ತಾಳಲಾರದೆ ಮೂರನೇ ಸಲ ಕಿರುಚಿದಾಗ ಕೊಟ್ಟರೆ, ಗಟ್ಟಿಯಾಗಿ ಹೆಚ್ಚು ಹೊತ್ತು ಅಳಬೇಕು ಎಂಬ ಪಾಠ ಪಕ್ಕಾ ಆಗುತ್ತದೆ. ಒಮ್ಮೆ ಸಿಕ್ಕು ಒಮ್ಮೆ ಸಿಗದ ಫಲ, ಪ್ರತಿ ಸಲ ಸಿಗುವ ಫಲಕ್ಕಿಂತ ವರ್ತನೆಯನ್ನು ಬಿಗಿಯಾಗಿ ಹಿಡಿದಿಡುತ್ತದೆ. 1957ರಲ್ಲಿ ಫರ್ಸ್ಟರ್ ಮತ್ತು ಸ್ಕಿನ್ನರ್ ಇಂಥ ಫಲದ ಕ್ರಮಗಳನ್ನೇ ವಿವರವಾಗಿ ಅಳೆದು ಒಂದು ದೊಡ್ಡ ಗ್ರಂಥ ಬರೆದರು. ಮಟಕಾ ಚೀಟಿಯೂ ಬೆರಳಲ್ಲಿ ತಳ್ಳುತ್ತ ಕೂರುವ ರೀಲ್ಸೂ ಇದೇ ಜಾತಿ.

ಬೆತ್ತದ ಗುಟ್ಟೂ ಇಲ್ಲೇ ಇದೆ. ಮಾಸ್ತರರು ಹೊಡೆದರು, ಗದ್ದಲ ನಿಂತಿತು, ಅವರ ತಲೆಬಿಸಿ ಇಳಿಯಿತು. ಆ ಕ್ಷಣ ಅನುಬಂಧಿತರಾದವರು ಮಾಸ್ತರರು. ಮಗು ಕಲಿಯಿತೋ ಇಲ್ಲವೋ, ಹೊಡೆಯುವ ಕೈ ಮಾತ್ರ ಕಲಿಯಿತು. ಬೆತ್ತದಿಂದ ಉಪಯೋಗವಿದೆ ಎಂದು ಒಳ್ಳೆಯ ಶಿಕ್ಷಕರೂ ಅಷ್ಟು ಪ್ರಾಮಾಣಿಕವಾಗಿ ನಂಬುವುದು ಇದರಿಂದಲೇ ಎಂದು ನನಗನ್ನಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿದ ನನ್ನ ವಿದ್ಯಾರ್ಥಿ ಸುಳ್ಳು ಹೇಳಲಿಲ್ಲ. ತನಗೆ ಕಂಡ ಫಲವನ್ನೇ ಹೇಳಿದ.

ತಪ್ಪು ಕಲ್ಪನೆ: ಊಟ, ಮೊಟ್ಟೆ ಕೊಟ್ಟು ಶಾಲೆಗೆ ಕರೆಯುವುದು ಮಕ್ಕಳಿಗೆ ಲಂಚ ಕೊಟ್ಟಂತೆ.

ಶಾಲೆಯ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಬಂದದ್ದೂ ಮೊದಲು ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಮಕ್ಕಳಿಗೇ. ಹಸಿದ ಹೊಟ್ಟೆಗೆ ಅನ್ನ ಬೇಕು ಎಂಬುದು ಮೊದಲ ಕಾರಣ, ಅದಕ್ಕೆ ಮನಶ್ಶಾಸ್ತ್ರ ಬೇಕಿಲ್ಲ. ಆದರೆ ಕಲಿಕೆಯ ದೃಷ್ಟಿಯಿಂದಲೂ ನೋಡಿ. ಮಧ್ಯಾಹ್ನದ ಗಂಟೆ, ಸಾಂಬಾರಿನ ಘಮ, ಸಾಲಾಗಿ ಗೆಳೆಯರು. ನನ್ನ ಕಾಲದಲ್ಲಿ ಶಾಲೆಯೊಂದಿಗೆ ಅಂಟಿಕೊಂಡದ್ದು ಬೆತ್ತ. ಈ ಮಕ್ಕಳಿಗೆ ಅಂಟಿಕೊಳ್ಳುವುದು ಅನ್ನ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುವ ಪೀಟರ್ ಎಂಬ ಹುಡುಗನ ಭಯ ಬಿಡಿಸಿದ್ದು ಹೀಗೆಯೇ: ಅವನು ಇಷ್ಟದ ತಿನಿಸು ತಿನ್ನುವಾಗ ಮೊಲವನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿದ.

ಹಾಗೆಂದು ಬಹುಮಾನ ಹೆಚ್ಚಿಸಿದಷ್ಟೂ ಕಲಿಕೆ ಹೆಚ್ಚುತ್ತದೆ ಎಂದುಕೊಂಡರೆ ಅದೂ ತಪ್ಪು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅವರು ಚಿತ್ರ ಬಿಡಿಸುವ ಖುಷಿ ಇದ್ದ ಪುಟ್ಟ ಮಕ್ಕಳಿಗೆ ‘ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ’ ಎಂದರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಮೊದಲೇ ಹೇಳದೆ ಕೊನೆಗೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಈ ಇಳಿತ ಕಾಣಲಿಲ್ಲ. ಕಲ್ಯಾಣದಲ್ಲಿ ಕುಳಿತು ಇದನ್ನು ಓದುವಾಗ ಶರಣೆ ಆಯ್ದಕ್ಕಿ ಲಕ್ಕಮ್ಮನ ನೆನಪು ಬರದೆ ಇರದು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು ಅವಳು. ಕಾಯಕದ ರುಚಿ ಗೊತ್ತಿದ್ದವರಿಗೆ ಮೇಲಿನ ಅಕ್ಕಿ ಬೇಕಾಗಲಿಲ್ಲ. ಓದುವ ಆಸೆ ಈಗಾಗಲೇ ಇರುವ ಮಗುವಿಗೆ ಮಾರ್ಕ್ಸಿಗೊಂದು ಸೈಕಲ್, ರ‍್ಯಾಂಕಿಗೊಂದು ಮೊಬೈಲ್ ಎನ್ನುವ ಅಪ್ಪಂದಿರು ಇದನ್ನು ಯೋಚಿಸಬೇಕು.

ತಪ್ಪು ಕಲ್ಪನೆ: ಒಮ್ಮೆ ಬಿಟ್ಟ ಚಟ, ಒಮ್ಮೆ ಹೋದ ಭಯ ಅಳಿಸಿಹೋಯಿತು.

ಅಳಿಸುವುದಿಲ್ಲ. ಆಹಾರವಿಲ್ಲದೆ ಬರೀ ಸದ್ದು ಕೇಳಿಸಿ ಕೇಳಿಸಿ ನಿಲ್ಲಿಸಿದ ಜೊಲ್ಲು, ಸ್ವಲ್ಪ ಬಿಡುವು ಕೊಟ್ಟ ಮೇಲೆ ಅದೇ ಸದ್ದಿಗೆ ಮತ್ತೆ ಬರುವುದನ್ನು ಪಾವ್ಲೋವರೇ ಕಂಡಿದ್ದರು. ಹಳೆಯ ಕಲಿಕೆಯ ಮೇಲೆ ಹೊಸದು ಕೂತಿರುತ್ತದೆ, ಅಷ್ಟೇ. ಸೆರೆ ಬಿಡಿಸುವ ಕೇಂದ್ರದಲ್ಲಿ ತಿಂಗಳಿದ್ದು ಚೆನ್ನಾಗಿ ಬಂದವನು ಹೆದ್ದಾರಿಯ ಬದಿಯ ಹಳೇ ಢಾಬಾ, ಹಳೇ ಗೆಳೆಯರು, ಅದೇ ಸಂಜೆಯ ಹೊತ್ತು ಸಿಕ್ಕ ಕೂಡಲೇ ತಡಕಾಡುತ್ತಾನೆ. ‘ಇವನಿಗೆ ಮನಸ್ಸೇ ಇಲ್ಲ’ ಎಂದು ಮನೆಯವರು ಬೈಯುತ್ತಾರೆ. ಮನಸ್ಸು ಇದೆ, ಜಾಗ ಅವನ ಮೈಯನ್ನು ಎಬ್ಬಿಸಿದೆ. ಸಂಜೆಯ ದಾರಿ ಬದಲಿಸುವುದು ಬೈಗುಳಕ್ಕಿಂತ ಹೆಚ್ಚು ಸಹಾಯ.

ಬೇಕಾದುದನ್ನು ಬೇಕಾದುದಕ್ಕೆ ಗಂಟು ಹಾಕಬಹುದು ಎಂಬ ಮಾತೂ ನಿಲ್ಲಲಿಲ್ಲ. ಜಾತ್ರೆಯಲ್ಲಿ ಜಿಲೇಬಿ ತಿಂದು ತಾಸುಗಳ ನಂತರ ಬಸ್ಸಿನಲ್ಲಿ ವಾಂತಿಯಾದರೆ ಬೇಡವಾಗುವುದು ಜಿಲೇಬಿ, ಬಸ್ಸಿನ ಸೀಟಿನ ಬಣ್ಣವಲ್ಲ. ಹೊಟ್ಟೆಯ ಸಂಕಟ ರುಚಿಗೆ ಅಂಟುತ್ತದೆ, ಬೆಳಕು ಸದ್ದುಗಳಿಗಲ್ಲ ಎಂದು 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳಲ್ಲಿ ತೋರಿಸಿದರು.

ಇದೆಲ್ಲ ರಷ್ಯಾ, ಅಮೆರಿಕದ ವಿದ್ಯೆ, ನಮಗೇಕೆ ಎನ್ನುವವರಿಗೆ ಒಂದು ಮಾತು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಗ್ರಂಥ. ಆನೆ, ಕುದುರೆ, ನಾಯಿ, ಡೇಗೆಗಳ ಬಗ್ಗೆ ಅದರಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ಅವನಿಗೆ ಅನುಬಂಧನ ಸಿದ್ಧಾಂತ ಮೊದಲೇ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಅದು ಸುಳ್ಳು ಹೆಮ್ಮೆಯಾಗುತ್ತದೆ. ಪ್ರಾಣಿ ಪಳಗಿಸುವ ಕಲೆ ಈ ನೆಲದಲ್ಲಿ ಹಳೆಯದು. ಅದನ್ನು ಅಳೆದು, ಒರೆಗೆ ಹಚ್ಚಿ, ಎಲ್ಲಿ ನಡೆಯುತ್ತದೆ ಎಲ್ಲಿ ನಡೆಯುವುದಿಲ್ಲ ಎಂದು ಹೇಳಿದ್ದು ಪ್ರಯೋಗಾಲಯ. ಎರಡನ್ನೂ ಬಳಸಿಕೊಳ್ಳುವ ಹಕ್ಕು ನಮಗಿದೆ.

ನಿಮ್ಮ ಮನೆಯ ಮಗು ಶಾಲೆಗೆ ಹೋಗುತ್ತಿದ್ದರೆ ನಾಳೆ ಬೆಳಿಗ್ಗೆ ಗೇಟಿನ ತನಕ ಜೊತೆಗೆ ಹೋಗಿ. ಗಂಟೆ ಹೊಡೆಯುವಾಗ ಅದರ ಮುಖ ನೋಡಿ. ಗೆಳೆಯರ ಕಡೆ ಓಡಿದರೆ ನೆಮ್ಮದಿಯಿಂದ ಮನೆಗೆ ಬನ್ನಿ. ಹೊಟ್ಟೆ ಹಿಡಿದುಕೊಂಡು ನಿಂತರೆ ಗದರಿಸಬೇಡಿ. ಒಳಗೆ ಹೋಗಿ ಮಾಸ್ತರರ ಎದುರು ಕುಳಿತು ಮಾತಾಡಿ.